ಯಮಾಟೊ: ಅಷ್ಟು ದೊಡ್ಡ ಹಡಗು ನಿಜವಾಗಿ ಬೇಕಿತ್ತಾ?

ಬಿಡಿಭಾಗ
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಮನೆಯಲ್ಲಿ ಒಂದು ಮಾಡೆಲ್ ಹಡಗು ಜೋಡಿಸುತ್ತಿದ್ದೇನೆ. ಎರಡನೇ ಮಹಾಯುದ್ಧದ ಜಪಾನಿ ಬ್ಯಾಟಲ್‌ಶಿಪ್ ಯಮಾಟೊ, ಅಂದರೆ ದೊಡ್ಡ ತೋಪು, ದಪ್ಪ ಕವಚದ ಯುದ್ಧನೌಕೆ. ಅಸಲಿ ಹಡಗಿನ 350ರಲ್ಲಿ ಒಂದು ಪಾಲು. ಆದರೂ 75 ಸೆಂ.ಮೀ. ಉದ್ದ ಬಂದಿದೆ. ಊಟದ ಮೇಜಿನ ಅರ್ಧ ಭಾಗ ಅದಕ್ಕೇ ಹೋಗಿದೆ. ಮನೆಯಾಕೆ ಈಗ ನನ್ನ ಜೊತೆ ಮಾತಾಡುವುದು ಉಪ್ಪು ಬೇಕಾ, ಸಾರು ಬೇಕಾ ಅನ್ನುವಷ್ಟು ಮಾತ್ರ.

ಈ ಅಳತೆಯಲ್ಲಿ ಒಬ್ಬ ಮನುಷ್ಯ ಅಕ್ಕಿ ಕಾಳಿಗಿಂತ ಗಿಡ್ಡ. ನಿನ್ನೆ ರಾತ್ರಿ ಒಂದು ಅಕ್ಕಿ ಕಾಳನ್ನು ಡೆಕ್ ಮೇಲೆ ಇಟ್ಟು ನೋಡಿದೆ. ಆಗ ನಿಜವಾಗಿ ಗಾಬರಿಯಾಯಿತು. ಇಷ್ಟು ದೊಡ್ಡದನ್ನು ಯಾಕೆ ಕಟ್ಟಿದರು? ಕಟ್ಟಿ ಏನು ಮಾಡಿದರು? ಗೊತ್ತಿರುವವರು ಹೇಳಿ.

ಕಡಲತಡಿ
ನಾನು ಕಾರವಾರದವನು. ನಮ್ಮ ಟಾಗೋರ್ ಬೀಚಿನಲ್ಲಿ ಮ್ಯೂಸಿಯಂ ಮಾಡಿ ಇಟ್ಟಿರುವ ಐಎನ್‌ಎಸ್ ಚಪಲ್ ನೀವು ನೋಡಿರಬಹುದು. ಕ್ಷಿಪಣಿ ಹಾರಿಸುವ ಚಿಕ್ಕ ಯುದ್ಧನೌಕೆ. ಉದ್ದ ಸುಮಾರು 39 ಮೀಟರ್. ಯಮಾಟೊ ಎಷ್ಟು ಅಗಲ ಇತ್ತು ಗೊತ್ತಾ? ಅದೂ ಸುಮಾರು 39 ಮೀಟರ್! ಅಂದರೆ ಇಡೀ ಚಪಲ್ ಅನ್ನು ಎತ್ತಿ ಅದರ ಮೇಲೆ ಅಡ್ಡಲಾಗಿ ಇಟ್ಟರೂ ಹೆಚ್ಚುಕಡಿಮೆ ಹಿಡಿಸುತ್ತಿತ್ತು.

ಇನ್ನೊಂದು ಲೆಕ್ಕ. ಕೊಚ್ಚಿಯಲ್ಲಿ ಕಟ್ಟಿದ ನಮ್ಮ ಈಗಿನ ವಿಕ್ರಾಂತ್ 262 ಮೀಟರ್. ಯಮಾಟೊ 263. ಉದ್ದದಲ್ಲಿ ಅಣ್ಣತಮ್ಮ. ಆದರೆ ವಿಕ್ರಾಂತ್ ತೂಕ 45 ಸಾವಿರ ಟನ್ ಒಳಗೆ. ಯಮಾಟೊ ಪೂರ್ತಿ ತುಂಬಿಕೊಂಡಾಗ 72 ಸಾವಿರ ಟನ್ ದಾಟುತ್ತಿತ್ತು. ಹೆಚ್ಚಿನ ಅಷ್ಟೂ ತೂಕ ಎಲ್ಲಿಂದ ಬಂತು ಮಾರಾಯ್ರೇ?

ಹಳೇಪೇಪರ್
ಉಕ್ಕಿನಿಂದ ಬಂತು ಸಾರ್. ಪಕ್ಕದ ಗೋಡೆಯ ಉಕ್ಕಿನ ಕವಚ 41 ಸೆಂ.ಮೀ. ದಪ್ಪ. ತೋಪಿನ ಗೋಪುರದ ಮುಖದಲ್ಲಿ 65 ಸೆಂ.ಮೀ. ಮನೆಯ ಗೋಡೆ ಒಂಬತ್ತು ಇಂಚು ಅನ್ನುತ್ತೇವಲ್ಲ, ಇದು 25 ಇಂಚಿಗೂ ಜಾಸ್ತಿ. ಅದೂ ಇಟ್ಟಿಗೆ ಅಲ್ಲ, ಗಟ್ಟಿ ಉಕ್ಕು.

ಮತ್ತೆ ಆ ತೋಪುಗಳು. ಮೂರು ಗೋಪುರ, ಒಂದೊಂದರಲ್ಲಿ ಮೂರು, ಒಟ್ಟು ಒಂಬತ್ತು. ಬಾಯಿಯ ಅಗಲ 46 ಸೆಂ.ಮೀ. ಇದನ್ನೂ ಇದೇ ಮಾದರಿಯ ಮುಸಾಶಿಯನ್ನೂ ಬಿಟ್ಟರೆ ಇಷ್ಟು ದೊಡ್ಡ ತೋಪು ಇಟ್ಟುಕೊಂಡು ಕಾದಾಡಿದ ಬ್ಯಾಟಲ್‌ಶಿಪ್ ಬೇರೆ ಇಲ್ಲ. ಒಂದೊಂದು ಗೋಪುರವೇ 2,500 ಟನ್ನಿನಷ್ಟು. ಆ ಕಾಲದ ಒಂದು ಡೆಸ್ಟ್ರಾಯರ್, ಅಂದರೆ ಚಿಕ್ಕ ವೇಗದ ಯುದ್ಧನೌಕೆಯ ತೂಕವೇ ಅಷ್ಟು! ಕವಚ ಭೇದಿಸುವ ಒಂದು ಗುಂಡು 1,460 ಕೆ.ಜಿ. ಅದು ಹೋಗುವ ದೂರ 42 ಕಿ.ಮೀ. ಮೈಸೂರಿನಲ್ಲಿ ಹೊಡೆದರೆ ಮಂಡ್ಯ ದಾಟಿ ಬೀಳಬೇಕು. ಬೀಳಲು ಒಂದೂವರೆ ನಿಮಿಷಕ್ಕೂ ಜಾಸ್ತಿ ಬೇಕು.

ಗುಟ್ಟು ಹೇಗಿತ್ತೆಂದರೆ ಸ್ವಂತ ಕಾಗದಪತ್ರದಲ್ಲೇ ಇದನ್ನು ‘40 ಸೆಂ.ಮೀ. ತೋಪು’ ಎಂದು ಬರೆದುಕೊಂಡರು. ಅಸಲಿ ಅಳತೆ ಅಮೆರಿಕದವರಿಗೆ ಖಚಿತವಾದದ್ದು ಯುದ್ಧ ಮುಗಿದ ಮೇಲೆ.

ಸುಮ್ನೆ ಓದುವವಳು
ನಾನು ಸಾಮಾನ್ಯವಾಗಿ ಇಲ್ಲಿ ಸುಮ್ನೆ ಓದಿ ಹೋಗುವವಳು. ಆದರೂ ಕೇಳುತ್ತೇನೆ. ‘ಯಾಕೆ’ ಅನ್ನುವುದಕ್ಕೆ ಇನ್ನೂ ಯಾರೂ ಉತ್ತರ ಕೊಡಲಿಲ್ಲ. ಎಷ್ಟು ದೊಡ್ಡದು ಅಂತ ಎಲ್ಲರೂ ಹೇಳುತ್ತಿದ್ದೀರಿ. ಬರೀ ಜಂಬಕ್ಕೆ ಕಟ್ಟಿದರಾ?

ಹಳೇಪೇಪರ್
ಒಳ್ಳೆಯ ಪ್ರಶ್ನೆ ಅಕ್ಕ. ಜಂಬ ಇತ್ತು, ಇಲ್ಲ ಅನ್ನಲ್ಲ. ಯಮಾಟೊ ಅಂದರೆ ಜಪಾನಿನ ಹಳೆಯ ಹೆಸರು. ಹಡಗಿಗೆ ದೇಶದ ಹೆಸರನ್ನೇ ಇಟ್ಟರು. ಆದರೆ ಹಿಂದೆ ಒಂದು ಲೆಕ್ಕವೂ ಇತ್ತು.

1922ರಲ್ಲಿ ವಾಷಿಂಗ್ಟನ್ ಒಪ್ಪಂದ ಆಯಿತು. ದೊಡ್ಡ ಯುದ್ಧನೌಕೆಗಳಲ್ಲಿ ಅಮೆರಿಕ, ಬ್ರಿಟನ್, ಜಪಾನ್ ಪಾಲು 5:5:3. ಒಂದು ಹಡಗು 35 ಸಾವಿರ ಟನ್ ಮೀರಬಾರದು. ಜಪಾನಿಗೆ ಈ ಮೂರರ ಪಾಲು ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. 1934ರಲ್ಲಿ ನೋಟಿಸ್ ಕೊಟ್ಟು, 1936ರ ಕೊನೆಗೆ ಹೊರಗೆ ಬಂದರು. 1937ರ ನವೆಂಬರ್ 4ಕ್ಕೆ ಜಪಾನಿನ ಕುರೆ ಬಂದರಿನಲ್ಲಿ ಯಮಾಟೊ ಕೆಲಸ ಶುರು.

ಅಮೆರಿಕದ ಕಾರ್ಖಾನೆಗಳ ಎದುರು ಹಡಗಿನ ಸಂಖ್ಯೆಯಲ್ಲಿ ಗೆಲ್ಲಲು ಆಗಲ್ಲ ಎಂದು ಅವರಿಗೆ ಗೊತ್ತಿತ್ತು. ಹತ್ತಕ್ಕೆ ಹತ್ತು ಆಗದಿದ್ದರೆ ಒಂದೇ ಮೂರಕ್ಕೆ ಸಮ ಇರಲಿ ಎಂಬ ಯೋಚನೆ. ಇಲ್ಲಿ ಪನಾಮಾ ಕಾಲುವೆ ಬರುತ್ತದೆ. ಆಗಿನ ಅದರ ಲಾಕ್‌ಗಳ (ಹಡಗನ್ನು ಏರಿಸಿ ಇಳಿಸುವ ನೀರಿನ ಕಟ್ಟೆ) ಅಗಲ ಸುಮಾರು 33.5 ಮೀಟರ್. ಅಮೆರಿಕದ ಹಡಗು ಎರಡೂ ಸಾಗರದಲ್ಲಿ ಓಡಾಡಬೇಕಾದರೆ ಅದರೊಳಗೆ ಹಿಡಿಸಬೇಕು. 46 ಸೆಂ.ಮೀ. ತೋಪು ಹೊರುವ ಹಡಗು ಅಷ್ಟು ಅಗಲದಲ್ಲಿ ಬರುವುದಿಲ್ಲ. ಅವರು ಅಂಥದ್ದು ಕಟ್ಟಿದರೆ ಕಾಲುವೆ ಬಿಟ್ಟು ಇಡೀ ದಕ್ಷಿಣ ಅಮೆರಿಕ ಸುತ್ತಿ ಬರಬೇಕು. ಹಾಗಾಗಿ ಅವರು ಕಟ್ಟುವುದಿಲ್ಲ, ನಾವು ಅವರ ತೋಪಿನ ಅಳತೆಯ ಆಚೆ ನಿಂತು ಹೊಡೆಯುತ್ತೇವೆ ಎಂದುಕೊಂಡರು.

ಎದುರಾಳಿ ಹಡಗಿನಲ್ಲೇ ಬರುತ್ತಾನೆ ಅಂತ ಇಟ್ಟುಕೊಂಡರೆ ಈ ಲೆಕ್ಕ ಸರಿಯೇ.

ವೆಲ್ಡಿಂಗ್ ರಾಡ್
ಇಪ್ಪತ್ತಾರು ವರ್ಷ ಶಿಪ್‌ಯಾರ್ಡಿನಲ್ಲಿ ಕೆಲಸ ಮಾಡಿದವನು ನಾನು. ನನಗೆ ತೋಪಿಗಿಂತ ಅದನ್ನು ಕಟ್ಟಿದ ಕಥೆಯೇ ರುಚಿ.

ಕುರೆಯಲ್ಲಿ ಡ್ರೈ ಡಾಕ್ ಒಳಗೆ, ಅಂದರೆ ನೀರು ಬಸಿದ ದೊಡ್ಡ ಹೊಂಡದಲ್ಲಿ ಕಟ್ಟಿದರು. ಗುಡ್ಡದ ಮೇಲಿನಿಂದ ಕಾಣಬಾರದು ಅಂತ ಡಾಕಿನ ಒಂದು ತುದಿಗೆ ಛಾವಣಿ ಹಾಕಿದರು. ಅದರ ತಮ್ಮ ಮುಸಾಶಿಯನ್ನು ಕಟ್ಟಿದ್ದು ನಾಗಸಾಕಿಯಲ್ಲಿ, ಊರ ಎದುರಿಗೇ. ಮುಚ್ಚಿಡಲು ತಾಳೆ ಜಾತಿಯ ಮರದ ನಾರಿನ ಹಗ್ಗದಿಂದ ದೊಡ್ಡ ದೊಡ್ಡ ಪರದೆ ಹೆಣೆಸಿದರು. ಎಷ್ಟು ಹಗ್ಗ ಬೇಕಾಯಿತೆಂದರೆ ಮೀನುಗಾರರಿಗೆ ಬಲೆಗೆ ನಾರು ಸಿಗದೆ ಹೋಯಿತು. ಗುಟ್ಟು ಕಾಪಾಡಲು ಹೋಗಿ ಕಡಲ ಮಕ್ಕಳಿಗೆಲ್ಲ ಏನೋ ನಡೆದಿದೆ ಅಂತ ಗೊತ್ತಾಯಿತು! 1940ರ ನವೆಂಬರಿನಲ್ಲಿ ಮುಸಾಶಿ ನೀರಿಗೆ ಜಾರಿದಾಗ ಎದ್ದ ಅಲೆ ಎದುರು ದಡದ ಮನೆಗಳಿಗೆ ನುಗ್ಗಿತು.

ಈಗ ನಮ್ಮ ಕಸುಬಿನ ಮಾತು. ಯಮಾಟೊದ ಕವಚ ದಪ್ಪವೇನೋ ಸರಿ. ಆದರೆ ಮೇಲಿನ ಕವಚ ಮತ್ತು ಕೆಳಗಿನ ಕವಚ ಸೇರುವ ಜಾಗ ದುರ್ಬಲವಾಗಿತ್ತು. 1943ರ ಡಿಸೆಂಬರ್ 25ರಂದು ಪೆಸಿಫಿಕ್‌ನ ಜಪಾನಿ ನೆಲೆ ಟ್ರುಕ್ ದ್ವೀಪದ ಹತ್ತಿರ ಅಮೆರಿಕದ ಸಬ್‌ಮೆರೀನ್ ಸ್ಕೇಟ್ ಟಾರ್ಪೆಡೊ (ನೀರೊಳಗೆ ಸಾಗಿ ಬಂದು ಸಿಡಿಯುವ ಅಸ್ತ್ರ) ಹೊಡೆಯಿತು. ಆ ಬೆಸುಗೆ ಸಾಲೇ ಬಿಟ್ಟುಕೊಂಡು ಸುಮಾರು 3,000 ಟನ್ ನೀರು ಒಳಗೆ ಬಂತು. ಹಡಗು ಮುಳುಗಲಿಲ್ಲ, ತನ್ನ ಪಾಡಿಗೆ ಹೋಯಿತು. ಆದರೆ ತಟ್ಟೆ ಎಷ್ಟೇ ದಪ್ಪ ಇರಲಿ, ಜಾಯಿಂಟ್ ಕೆಟ್ಟರೆ ಎಲ್ಲ ಕೆಟ್ಟಂತೆ. ಅಪ್ರೆಂಟಿಸ್ ಹುಡುಗರಿಗೆ ನಾನು ಈ ಕಥೆ ಹೇಳುತ್ತಿದ್ದೆ.

ಹಳೇಪೇಪರ್
ರಾಡ್ ಅಣ್ಣ, ಒಂದು ತಿದ್ದುಪಡಿ. ಅಲ್ಲಿ ಬೆಸುಗೆ ಇರಲಿಲ್ಲ, ರಿವೆಟ್ ಜೋಡಣೆ, ಅಂದರೆ ದಪ್ಪ ಮೊಳೆ ಬಡಿದು ಬಿಗಿದದ್ದು. ಉಳಿದದ್ದು ನೀವು ಹೇಳಿದ ಹಾಗೇ.

ವೆಲ್ಡಿಂಗ್ ರಾಡ್
ಒಪ್ಪಿದೆ. ಕೈಗೆ ಅಭ್ಯಾಸ ಆದ ಮಾತು ಬಾಯಿಗೆ ಬಂತು. ರಿವೆಟ್ಟೇ.

ಐಯೊವಾ ಅಭಿಮಾನಿ
ಎಲ್ಲರೂ ಯಮಾಟೊ ಯಮಾಟೊ ಅನ್ನುತ್ತಿದ್ದೀರಿ. ಉದ್ದದಲ್ಲಿ ಅಮೆರಿಕದ ಐಯೊವಾ ವರ್ಗದ ಹಡಗೇ ಮುಂದೆ. 270 ಮೀಟರ್. ವೇಗ 33 ನಾಟ್ ಹತ್ತಿರ, ಅಂದರೆ ಗಂಟೆಗೆ ಸುಮಾರು 60 ಕಿ.ಮೀ. ಯಮಾಟೊ 27. ತೋಪು 40.6 ಸೆಂ.ಮೀ. ಆದರೂ ರೇಡಾರ್ ಹಿಡಿದು ಗುರಿ ಕಟ್ಟುವುದರಲ್ಲಿ ಅಮೆರಿಕದವರು ತುಂಬಾ ಮುಂದೆ. ಎದುರುಬದುರು ನಿಂತಿದ್ದರೆ ಯಮಾಟೊ ಸೋಲುತ್ತಿತ್ತು. ಬರೆದಿಟ್ಟುಕೊಳ್ಳಿ.

ಕಡಲತಡಿ
ಬರೆದಿಟ್ಟುಕೊಂಡು ಏನು ಮಾಡುವುದು ಮಾರಾಯ್ರೇ, ಅವೆರಡೂ ಎದುರಾಗಲೇ ಇಲ್ಲವಲ್ಲ.

ಮಾಜಿ ಸ್ಟೋಕರ್
ನೌಕಾಪಡೆಯ ಎಂಜಿನ್ ರೂಮಿನಲ್ಲಿ ಹದಿನೈದು ವರ್ಷ ಬೆವರು ಹರಿಸಿದವನು ನಾನು. ಯಾರು ಗೆಲ್ಲುತ್ತಿದ್ದರು ಎಂಬ ಮಾತು ಟೀ ಅಂಗಡಿಗೆ ಸರಿ. ನನಗೆ ಕಾಣುವುದು ಬೇರೆ. ಆ ಹಡಗಿಗೆ ಹನ್ನೆರಡು ಬಾಯ್ಲರ್, ನಾಲ್ಕು ಪ್ರೊಪೆಲರ್, ಒಂದೂವರೆ ಲಕ್ಷ ಅಶ್ವಶಕ್ತಿ. ಟ್ಯಾಂಕಿನಲ್ಲಿ 6,300 ಟನ್ ಎಣ್ಣೆ. ಜಪಾನಿಗೆ ಸ್ವಂತ ಎಣ್ಣೆ ಇಲ್ಲ. ಯುದ್ಧಕ್ಕೆ ಇಳಿದದ್ದೇ ಬಹಳಮಟ್ಟಿಗೆ ಎಣ್ಣೆಗಾಗಿ. ಇಂಥದ್ದನ್ನು ದಿನಾ ಓಡಿಸುವುದು ಯಾರಿಂದ ಆಗುತ್ತದೆ?

ಹಾಗಾಗಿ ನಿಲ್ಲಿಸಿಬಿಟ್ಟರು. 1942ರ ಆಗಸ್ಟಿನಲ್ಲಿ ಟ್ರುಕ್‌ಗೆ ಬಂತು. ಆಗ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಅಮೆರಿಕದ ಜೊತೆ ಯುದ್ಧ ಹೊತ್ತಿ ಉರಿಯುತ್ತಿತ್ತು. ಹಳೆಯ ಹಡಗುಗಳನ್ನು ಅಲ್ಲಿಗೆ ಕಳಿಸಿದರು, ಯಮಾಟೊವನ್ನು ಕಳಿಸಲಿಲ್ಲ. ಮುಂದಿನ ಮೇ ತಿಂಗಳವರೆಗೆ ಅದು ಬಂದರು ಬಿಟ್ಟು ಹೊರಗಿದ್ದದ್ದು ಒಂದೇ ಒಂದು ದಿನ. ಒಳಗೆ ತಂಪು ಗಾಳಿ, ಒಳ್ಳೆ ಊಟ, ಕುಡಿಯಲು ಸೋಡಾ. ಬೇರೆ ಹಡಗಿನ ನಾವಿಕರು ಹೊಟ್ಟೆ ಉರಿದುಕೊಂಡು ಅದಕ್ಕೆ ‘ಯಮಾಟೊ ಹೋಟೆಲ್’ ಎಂದು ಹೆಸರಿಟ್ಟರು. ಮಿಡ್‌ವೇ ಯುದ್ಧದಲ್ಲೂ ಅಷ್ಟೇ. ಜಪಾನಿ ನೌಕಾದಂಡಿನ ನಾಯಕ ಅಡ್ಮಿರಲ್ ಯಮಾಮೊಟೊ ಇದರಲ್ಲೇ ಇದ್ದರು, ಆದರೆ ಮುಂದಿದ್ದ ವಿಮಾನವಾಹಕಗಳಿಗಿಂತ ನೂರಾರು ಮೈಲಿ ಹಿಂದೆ. ನಾಲ್ಕು ವಿಮಾನವಾಹಕಗಳು ಮುಳುಗಿದ ಸುದ್ದಿ ಬಂದಾಗ ಇಷ್ಟು ದೊಡ್ಡ ತೋಪು ಇದ್ದೂ ಏನೂ ಮಾಡಲಾಗಲಿಲ್ಲ.

ನಮ್ಮ ಕಡೆ ಮದುವೆಗೆ ಮಾಡಿಸಿದ ರೇಷ್ಮೆ ಸೀರೆ ಬೀರುವಿನಲ್ಲೇ ಹಳತಾಗುತ್ತದಲ್ಲ, ಹಾಗೆ. ಉಟ್ಟರೆ ಎಲ್ಲಿ ಕಲೆಯಾಗುತ್ತದೋ ಅಂತ.

ಸುಮ್ನೆ ಓದುವವಳು
ಸ್ಟೋಕರ್ ಸಾರ್, ಸೀರೆ ಮಾತು ಹೇಳಿ ನನಗೆ ಎಲ್ಲಾ ಅರ್ಥ ಮಾಡಿಸಿಬಿಟ್ಟಿರಿ. ಆದರೆ ವಿಮಾನ ಬಂದು ಹೊಡೆಯುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿರಲಿಲ್ಲವಾ? ಪರ್ಲ್ ಹಾರ್ಬರಿನಲ್ಲಿ ಅವರೇ ತಾನೆ ಹಾಗೆ ಹೊಡೆದದ್ದು?

ಹಳೇಪೇಪರ್
ಅಲ್ಲೇ ಇರುವುದು ವಿಪರ್ಯಾಸ. ಪರ್ಲ್ ಹಾರ್ಬರಿನಲ್ಲಿ ಹಡಗುಗಳು ಲಂಗರು ಹಾಕಿ ನಿಂತಿದ್ದವು. ಓಡುವ ಬ್ಯಾಟಲ್‌ಶಿಪ್ ಅನ್ನು ವಿಮಾನ ಮುಳುಗಿಸಲಾರದು ಎಂದು ವಾದಿಸುವವರು ಆಗಲೂ ಇದ್ದರು. 1941ರ ಡಿಸೆಂಬರ್ 10ರಂದು ಮಲಯಾ ಕರಾವಳಿಯಲ್ಲಿ ಜಪಾನಿ ವಿಮಾನಗಳು ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಎರಡನ್ನೂ ಮುಳುಗಿಸಿ ಆ ವಾದ ಮುಗಿಸಿದವು. ಎರಡೂ ನಡು ಕಡಲಿನಲ್ಲಿ ಓಡುತ್ತಿದ್ದ ಹಡಗುಗಳೇ.

ಯಮಾಟೊ ಸೇವೆಗೆ ಸೇರಿದ್ದು ಡಿಸೆಂಬರ್ 16ಕ್ಕೆ. ಆರೇ ದಿನ. ಇಂಥ ಹಡಗಿನ ಕಾಲ ಮುಗಿಯಿತು ಎಂದು ಜಪಾನೇ ಜಗತ್ತಿಗೆ ತೋರಿಸಿ, ಆಮೇಲೆ ಅಂಥ ಹಡಗಿಗೆ ಬಾವುಟ ಏರಿಸಿತು. ಜಪಾನಿನ ನೌಕಾ ವಿಮಾನದವರಲ್ಲೇ ಒಂದು ಕುಚೋದ್ಯ ಓಡಾಡುತ್ತಿತ್ತು: ಜಗತ್ತಿನ ಮೂರು ದಂಡದ ಕೆಲಸಗಳು ಚೀನಾದ ಗೋಡೆ, ಪಿರಮಿಡ್ಡು, ಮತ್ತೆ ಯಮಾಟೊ.

ಬಿಡಿಭಾಗ
ಹಾಗಾದರೆ ಆ ದೊಡ್ಡ ತೋಪನ್ನು ಶತ್ರು ಹಡಗಿನ ಮೇಲೆ ಒಮ್ಮೆಯೂ ಹೊಡೆಯಲೇ ಇಲ್ಲವಾ? ಮೂರು ವಾರ ಕೂತು ಆ ಗೋಪುರ ಮಾಡಿದ್ದೇನೆ ಸ್ವಾಮಿ.

ಐಯೊವಾ ಅಭಿಮಾನಿ
ಒಂದು ಸಲ. 1944ರ ಅಕ್ಟೋಬರ್ 25, ಫಿಲಿಪೀನ್ಸಿನ ಸಮಾರ್ ದ್ವೀಪದ ಹತ್ತಿರ. ಎದುರಿಗೆ ಅಮೆರಿಕದ ಒಂದು ಸಣ್ಣ ಗುಂಪು. ಆರು ಪುಟ್ಟ ವಿಮಾನವಾಹಕ, ಮೂರು ಡೆಸ್ಟ್ರಾಯರ್, ಇನ್ನೂ ಚಿಕ್ಕ ಬೆಂಗಾವಲು ಹಡಗು ನಾಲ್ಕು. ಯಮಾಟೊ ಜೊತೆ ಇನ್ನೂ ಮೂರು ಬ್ಯಾಟಲ್‌ಶಿಪ್, ಎಂಟು ಕ್ರೂಸರ್ (ಡೆಸ್ಟ್ರಾಯರಿಗಿಂತ ದೊಡ್ಡ ಯುದ್ಧನೌಕೆ). ಹುಲಿ ಎದುರು ಕೋಳಿ ಮರಿ.

ಆ ಕೋಳಿ ಮರಿಗಳು ಓಡಿ ಬಂದು ಕುಕ್ಕಿದವು. ಡೆಸ್ಟ್ರಾಯರುಗಳು ಹೊಗೆ ಬಿಟ್ಟು ಟಾರ್ಪೆಡೊ ಎಸೆದವು. ಯಮಾಟೊ ತಪ್ಪಿಸಿಕೊಳ್ಳಲು ಉತ್ತರಕ್ಕೆ ತಿರುಗಿತು. ಎರಡೂ ಪಕ್ಕದಲ್ಲಿ ಟಾರ್ಪೆಡೊ, ನಡುವೆ ಇದು. ಹತ್ತು ನಿಮಿಷದಷ್ಟು ಅವುಗಳ ಜೊತೆಗೇ ಯುದ್ಧಕ್ಕೆ ಬೆನ್ನು ಹಾಕಿ ಓಡಬೇಕಾಯಿತು. ಅಷ್ಟರಲ್ಲಿ ಹಿಂದೆ ಬಿದ್ದಿತ್ತು. ಕೊನೆಗೆ ಆ ಜಪಾನಿ ದಂಡಿನ ನಾಯಕ ಅಡ್ಮಿರಲ್ ಕುರಿಟಾ ಎಲ್ಲರನ್ನೂ ವಾಪಸ್ ಕರೆದರು. ಅಮೆರಿಕದ ಕಡೆ ಐದು ಹಡಗು ಮುಳುಗಿದವು ನಿಜ. ಆದರೆ ಗುರಿ ಇದ್ದದ್ದು ಅವುಗಳ ಹಿಂದೆ ಲೇಟೆ ಕೊಲ್ಲಿಯಲ್ಲಿದ್ದ ಸೇನೆ ಸಾಗಿಸುವ ಹಡಗುಗಳ ಮೇಲೆ. ಅವು ಉಳಿದವು. ಅದರ ಹಿಂದಿನ ದಿನವೇ ಮುಸಾಶಿ ಮುಳುಗಿತ್ತು. ಹತ್ತೊಂಬತ್ತರಷ್ಟು ಟಾರ್ಪೆಡೊ ಬೇಕಾದವು ಅದಕ್ಕೆ. ಅಷ್ಟನ್ನು ತಡೆದುಕೊಂಡದ್ದಕ್ಕೆ ಕಟ್ಟಿದವರಿಗೆ ನನ್ನದೂ ಒಂದು ಸಲಾಂ, ಐಯೊವಾ ಅಭಿಮಾನಿಯಾದರೂ.

ವೆಲ್ಡಿಂಗ್ ರಾಡ್
ಯಮಾಟೊ, ಮುಸಾಶಿಯ ಮೂರನೆಯ ತಮ್ಮನನ್ನು ಮರೆತಿರಿ. ಶಿನಾನೊ. ಬ್ಯಾಟಲ್‌ಶಿಪ್ ಅಂತ ಶುರುಮಾಡಿ ಮಿಡ್‌ವೇ ಆದ ಮೇಲೆ ವಿಮಾನವಾಹಕಕ್ಕೆ ತಿರುಗಿಸಿದರು. ಕೆಲಸ ಇನ್ನೂ ಬಾಕಿ ಇರುವಾಗಲೇ ಹೊರಗೆ ಕಳಿಸಿದರು. ಸೇವೆಗೆ ಸೇರಿದ ಹತ್ತೇ ದಿನಕ್ಕೆ, 1944ರ ನವೆಂಬರ್ 29ಕ್ಕೆ, ಒಂದು ಸಬ್‌ಮೆರೀನ್ ಕೈಯಲ್ಲಿ ಮುಗಿಯಿತು. ಕೆಲಸ ಪೂರ್ತಿ ಆಗದೆ ಹಡಗು ಹಸ್ತಾಂತರ ಮಾಡಿ ಎಂದು ಮೇಲಿನವರು ಒತ್ತುವುದು ಯಾವ ಕಾಲಕ್ಕೂ ಇದ್ದದ್ದೇ. ನನ್ನದೇ ಒಂದೆರಡು ಅನುಭವ ಇವೆ, ಇಲ್ಲಿ ಬೇಡ ಬಿಡಿ.

ಕಡಲತಡಿ
ಯಮಾಟೊವನ್ನು ಕೊನೆಯ ಪ್ರಯಾಣಕ್ಕೆ ಹೋಗುವಷ್ಟು ಎಣ್ಣೆ ಮಾತ್ರ ಹಾಕಿ ಕಳಿಸಿದರಂತೆ, ವಾಪಸ್ ಬರಲು ಇರಲಿಲ್ಲವಂತೆ. ಎಲ್ಲಾ ಕಡೆ ಹೀಗೇ ಓದಿದ್ದೇನೆ.

ಮಾಜಿ ಸ್ಟೋಕರ್
ಆದೇಶ ಹಾಗೇ ಇತ್ತು. ಆದರೆ ತೊಕುಯಾಮಾ ಎಣ್ಣೆ ಡಿಪೋದವರು ಟ್ಯಾಂಕಿನ ತಳದಲ್ಲಿ ಉಳಿದದ್ದನ್ನು, ಲೆಕ್ಕದಲ್ಲಿ ಇಲ್ಲದ್ದನ್ನು ಬಳಿದು ತುಂಬಿದರು. ಯಮಾಟೊಗೆ ಸುಮಾರು 4,000 ಟನ್ ಸಿಕ್ಕಿತು. ವಾಪಸ್ ಬರಲು ಧಾರಾಳ ಸಾಕು. ಬರಿಹೊಟ್ಟೆಯಲ್ಲಿ ಕಳಿಸಲು ಅವರಿಗೆ ಮನಸ್ಸು ಬಂದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಯೋಜನೆ ಮಾತ್ರ ವಾಪಸ್ ಬರುವುದಾಗಿರಲಿಲ್ಲ. ಅಮೆರಿಕದ ಸೇನೆ ಇಳಿದಿದ್ದ ಓಕಿನಾವಾ ದ್ವೀಪಕ್ಕೆ ಹೋಗಿ, ದಡಕ್ಕೆ ಹತ್ತಿಸಿ ನಿಲ್ಲಿಸಿ, ಗುಂಡು ಮುಗಿಯುವವರೆಗೆ ಹೊಡೆಯಬೇಕು. ತಲೆಯ ಮೇಲೆ ಕಾಯಲು ವಿಮಾನ ಇಲ್ಲ ಎಂದೇ ಹೇಳಬೇಕು. ಹೊರಡುವ ಮೊದಲು ಹೊಸದಾಗಿ ಬಂದಿದ್ದ ಕೆಡೆಟ್ ಹುಡುಗರನ್ನೂ ಕಾಯಿಲೆಯವರನ್ನೂ ಇಳಿಸಿದರು. 1945ರ ಏಪ್ರಿಲ್ 6ಕ್ಕೆ ಒಂದು ಕ್ರೂಸರ್, ಎಂಟು ಡೆಸ್ಟ್ರಾಯರ್ ಜೊತೆ ಹೊರಟಿತು.

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ವಿಮಾನ ಬಂದವು. ಅಮೆರಿಕದವರು ಕಳಿಸಿದ್ದು ಸುಮಾರು 380. ಮುಸಾಶಿಗೆ ಎರಡೂ ಪಕ್ಕದಲ್ಲಿ ಹೊಡೆದದ್ದರಿಂದ ಅದು ನೇರವಾಗೇ ನಿಂತು ತಡವಾಗಿ ಮುಳುಗಿತ್ತು. ಆ ಪಾಠ ಕಲಿತಿದ್ದರು. ಈ ಸಲ ಟಾರ್ಪೆಡೊ ಹೆಚ್ಚಾಗಿ ಎಡಮಗ್ಗುಲಿಗೇ. ಹಡಗು ಎಡಕ್ಕೆ ವಾಲಿತು. ವಾಲಿದರೆ ಬಲಗಡೆ ನೀರು ಬಿಟ್ಟು ಸರಿಮಾಡಬೇಕು. ಅದಕ್ಕೆಂದೇ ಇದ್ದ ಕೋಣೆಗಳು ತುಂಬಿ ಹೋದವು. ಆಮೇಲೆ ಬಲಗಡೆಯ ಎಂಜಿನ್, ಬಾಯ್ಲರ್ ಕೋಣೆಗಳಿಗೇ ನೀರು ಬಿಟ್ಟರು. ಒಳಗೆ ಜನ ಇದ್ದರು.

ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗಲ್ಲ. ಎಂಜಿನ್ ರೂಮಿನಲ್ಲಿ ಇದ್ದವರಿಗೆ ಗೊತ್ತು, ಮೇಲೆ ಏನಾಗುತ್ತಿದೆ ಅಂತ ಕೆಳಗೆ ಏನೂ ಕಾಣಲ್ಲ.

ಹಳೇಪೇಪರ್
ಉಳಿದದ್ದು ನಾನು ಹೇಳಿ ಮುಗಿಸುತ್ತೇನೆ. ಮಧ್ಯಾಹ್ನ 2 ಗಂಟೆ 23 ನಿಮಿಷಕ್ಕೆ ಮಗುಚಿ, ಸ್ಫೋಟಿಸಿ ಹೋಯಿತು. ಎರಡು ಗಂಟೆಯೂ ಹಿಡಿಯಲಿಲ್ಲ. ಆ ಹೊಗೆ ಕ್ಯೂಶೂ ದ್ವೀಪದಿಂದ ಕಂಡಿತು. ಹಡಗಿನಲ್ಲಿ 3,300ಕ್ಕೂ ಹೆಚ್ಚು ಜನ. ಬದುಕಿದವರು 280ರ ಒಳಗೆ. ಅಮೆರಿಕದ ಕಡೆ ಹೋದದ್ದು ಹತ್ತು ವಿಮಾನ, ಹನ್ನೆರಡು ಜನ. ದಂಡನಾಯಕ ಇಟೊ ಸೀಯಿಚಿ ಕೊನೆ ಗಳಿಗೆಯಲ್ಲಿ ಕಾರ್ಯಾಚರಣೆ ನಿಲ್ಲಿಸಿ, ಉಳಿದವರನ್ನು ಎತ್ತಿಕೊಂಡು ವಾಪಸ್ ಹೋಗಿ ಎಂದು ಆದೇಶ ಕೊಟ್ಟು ತಮ್ಮ ಕೋಣೆಗೆ ಹೋದರು. ಆ ಆದೇಶದಿಂದ ನಾಲ್ಕು ಡೆಸ್ಟ್ರಾಯರ್ ಊರಿಗೆ ಮುಟ್ಟಿದವು. ಇಡೀ ಕಥೆಯಲ್ಲಿ ನನಗೆ ಬುದ್ಧಿವಂತಿಕೆ ಕಂಡ ಒಂದೇ ಆದೇಶ ಅದು.

ನಿಪ್ಪಟ್ಟು
ತಡವಾಗಿ ಬಂದೆ. ನಾನು ಕೆಲಸದ ಮೇಲೆ ಹಿರೋಶಿಮಾ ಕಡೆ ಇದ್ದೇನೆ. ಇಲ್ಲಿನವರ ಬಾಯಲ್ಲಿ ಅದು ‘ಯಮಾತೊ’. ಕುರೆ ಇಲ್ಲಿಂದ ಒಂದು ಗಂಟೆಯೂ ಇಲ್ಲ, ಲೋಕಲ್ ರೈಲು ಸಮುದ್ರದ ಅಂಚಿನಲ್ಲೇ ಹೋಗುತ್ತದೆ.

ಅಲ್ಲಿ 2005ರಲ್ಲಿ ಯಮಾಟೊ ಮ್ಯೂಸಿಯಂ ತೆರೆದರು. ಒಳಗೆ ಹತ್ತನೇ ಒಂದು ಅಳತೆಯ ಹಡಗು, 26.3 ಮೀಟರ್. ಬಿಡಿಭಾಗ ಅವರೇ, ನಿಮ್ಮ ಊಟದ ಮೇಜು ಸಾಲದು. ಮಹಡಿ ಹತ್ತಿ ಮೇಲಿನಿಂದ ನೋಡಬಹುದು, ಕೆಳಗಿಳಿದು ಅದರ ಪಕ್ಕವೇ ನಡೆಯಬಹುದು. ನಾನು ಹೋದ ದಿನ ಶಾಲೆ ಮಕ್ಕಳು ಗಲಾಟೆ ಮಾಡುತ್ತಾ ಫೋಟೋ ತೆಗೆಸಿಕೊಳ್ಳುತ್ತಿದ್ದರು. 1974ರಲ್ಲಿ ಇದೇ ಹಡಗನ್ನು ಬಾಹ್ಯಾಕಾಶಕ್ಕೆ ಹಾರಿಸಿದ ಟಿವಿ ಕಾರ್ಟೂನ್ ಬಂದಿತ್ತು. ಇಲ್ಲಿ ಬಹಳ ಜನಕ್ಕೆ ಯಮಾಟೊ ಅಂದರೆ ಮೊದಲು ನೆನಪಾಗುವುದು ಅದೇ. ಪಕ್ಕದ ಕೋಣೆಯಲ್ಲಿ ಕೈಟೆನ್ ಇದೆ, ಮನುಷ್ಯ ಒಳಗೆ ಕೂತು ಹೋಗಿ ಸಾಯುವ ಟಾರ್ಪೆಡೊ. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ದಂಡದ ಕೆಲಸ ಎಂಬ ಮಾತಿಗೆ ಕುರೆಯವರ ಉತ್ತರ ಬೇರೆ. ಯುದ್ಧ ಮುಗಿದು ಆರು ವರ್ಷಕ್ಕೆ ಅದೇ ಯಾರ್ಡನ್ನು ಅಮೆರಿಕದ ಒಂದು ಹಡಗು ಕಂಪನಿ ಬಾಡಿಗೆಗೆ ಹಿಡಿಯಿತು. ದೊಡ್ಡ ಡಾಕ್, ದೊಡ್ಡ ಕ್ರೇನ್, ಪಳಗಿದ ಕೈ ಎಲ್ಲ ಅಲ್ಲೇ ಇದ್ದವು. ಒಂದು ಲಕ್ಷ ಟನ್ ಸರಕು ಹೊರುವ ಜಗತ್ತಿನ ಮೊದಲ ಎಣ್ಣೆ ಟ್ಯಾಂಕರ್ ಯೂನಿವರ್ಸ್ ಅಪೊಲೊ ಅಲ್ಲೇ ತಯಾರಾಯಿತು. ಹಡಗನ್ನು ತುಂಡು ತುಂಡಾಗಿ ಕಟ್ಟಿ ಆಮೇಲೆ ಜೋಡಿಸುವ ವಿದ್ಯೆಯನ್ನು ಆ ಯಾರ್ಡ್ ಚೆನ್ನಾಗಿ ಬೆಳೆಸಿತು. ಯಮಾಟೊ ಕಟ್ಟಿದ ಡಾಕನ್ನು ಈಗ ಮುಚ್ಚಿದ್ದಾರೆ. ಗುಟ್ಟಿಗಾಗಿ ಹಾಕಿದ್ದ ಛಾವಣಿ ಮಾತ್ರ ಇನ್ನೂ ನಿಂತಿದೆ.

ವೆಲ್ಡಿಂಗ್ ರಾಡ್
ಇದನ್ನೇ ನಾನು ಹುಡುಕುತ್ತಿದ್ದೆ ತಮ್ಮಾ. ಹಡಗು ಹೋದರೂ ಕಟ್ಟುವ ಕೈ ಹೋಗಲಿಲ್ಲ.

ಮಾಜಿ ಸ್ಟೋಕರ್
ಕೈ ಉಳಿಯಿತು, ಸರಿ. ಆ 3,000 ಜನರಲ್ಲೂ ಪಳಗಿದ ಕೈ ಎಷ್ಟಿದ್ದವೋ. ಟ್ಯಾಂಕರ್ ಕಟ್ಟಲು ಮೊದಲು ಯಮಾಟೊ ಮುಳುಗಬೇಕಿತ್ತು ಎಂಬ ಹಾಗೆ ಮಾತಾಡಬೇಡಿ ಅಣ್ಣ.

ವೆಲ್ಡಿಂಗ್ ರಾಡ್
ಹಾಗೆ ಹೇಳಲಿಲ್ಲ. ಆದರೆ ಹಾಗೆ ಕೇಳಿಸಿದ್ದರೆ ತಪ್ಪು ನನ್ನದೇ.

ಸುಮ್ನೆ ಓದುವವಳು
ಹಡಗು ಈಗ ಎಲ್ಲಿದೆ? ಮೇಲೆ ಎತ್ತುತ್ತಾರಾ?

ನಿಪ್ಪಟ್ಟು
ಕ್ಯೂಶೂ ನೈಋತ್ಯದ ಕಡಲಲ್ಲಿ, 345 ಮೀಟರ್ ಆಳದಲ್ಲಿ. ಎರಡು ತುಂಡಾಗಿದೆ. 1985ರಲ್ಲಿ ಅದೇ ಯಮಾಟೊ ಎಂದು ಖಚಿತ ಮಾಡಿದರು. ಮೂತಿಯ ಮೇಲೆ ರಾಜಮನೆತನದ ಸೇವಂತಿಗೆ ಹೂವಿನ ಲಾಂಛನ ಹಾಗೇ ಇತ್ತು. 2016ರಲ್ಲಿ ಕುರೆ ನಗರದವರು ಮತ್ತೆ ಕ್ಯಾಮೆರಾ ಇಳಿಸಿ ಚಿತ್ರ ತೆಗೆದರು. ಮೇಲೆ ಎತ್ತಬೇಕು ಎಂದು ಆಗಾಗ ಯಾರಾದರೂ ಹೇಳುತ್ತಾರೆ. ಅದು ಸಮಾಧಿ, ಮುಟ್ಟಬೇಡಿ ಅನ್ನುವವರೂ ಇದ್ದಾರೆ.

ಬಿಡಿಭಾಗ
ಎಲ್ಲರಿಗೂ ಧನ್ಯವಾದ. ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ಕೊನೆಯದಾಗಿ ಒಂದು ಕೇಳಬೇಕು. ನನ್ನ ಕಿಟ್ 1945ರ ರೂಪದ್ದು. ಮೊದಲು ಎರಡು ಪಕ್ಕದಲ್ಲಿದ್ದ ಮಧ್ಯಮ ಗಾತ್ರದ ಗೋಪುರ ಎರಡೂ ಇಲ್ಲ, ಅಲ್ಲೆಲ್ಲ ವಿಮಾನಕ್ಕೆ ಹೊಡೆಯುವ ಪುಟ್ಟ ಪುಟ್ಟ ತೋಪು. ಒಂದೊಂದಕ್ಕೂ ಕೂದಲಿನಂಥ ಮೂರು ನಳಿಗೆ. ಜೋಡಿಸಿ ಜೋಡಿಸಿ ಕಣ್ಣು ಮಂಜಾಗಿದೆ. ಅರ್ಧದಷ್ಟು ಬಿಟ್ಟರೆ ಯಾರಿಗಾದರೂ ಗೊತ್ತಾಗುತ್ತದಾ?

ಮಾಜಿ ಸ್ಟೋಕರ್
ನೋಡುವವರಿಗೆ ಗೊತ್ತಾಗಲ್ಲ. ಆದರೆ ಆ ತೋಪುಗಳಲ್ಲಿ ಬಹಳಷ್ಟಕ್ಕೆ ಮರೆ ಇರಲಿಲ್ಲ. ಬಯಲಲ್ಲೇ ನಿಂತು ಹೊಡೆಯಬೇಕು. ದೊಡ್ಡ ತೋಪು ಹಾರಿಸುವ ಮುಂಚೆ ಗಂಟೆ ಬಾರಿಸಿದರೆ ಆ ಹುಡುಗರು ಓಡಿ ಅವಿತುಕೊಳ್ಳಬೇಕಿತ್ತು, ಇಲ್ಲದಿದ್ದರೆ ಸ್ವಂತ ಹಡಗಿನ ತೋಪಿನ ಗಾಳಿಯೇ ಬಡಿದು ಹಾಕುತ್ತಿತ್ತು. ಕೂರಿಸಿಬಿಡಿ ಎಲ್ಲವನ್ನೂ.

ಬಿಡಿಭಾಗ
ಸರಿ ಸಾರ್. ಇನ್ನು 31 ಬಾಕಿ ಇವೆ. ಅಂಟು ಮುಗಿದಿದೆ, ಸಂಜೆ ಪೇಟೆಗೆ ಹೋಗಿ ತರುತ್ತೇನೆ.